ಕಟ್ಟುವವರಿಲ್ಲದೆ ಕೂಡಿಕೊಳ್ಳುವ ಕಣಗಳು: ನೀವು ಕೇಳಿದಿರಿ, ನಾವು ಹೇಳುತ್ತೇವೆ

ಕಳೆದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರ ಬರೆಯುವಾಗ, ಪಾಲಿಮರ್‌ನ ನ್ಯಾನೋ ಕಣಗಳು ಯಾರೂ ಜೋಡಿಸದಿದ್ದರೂ ತಾವಾಗಿಯೇ ಕೂಡಿಕೊಂಡು ದೊಡ್ಡ ರಚನೆ ಆಗುತ್ತವೆ ಎಂದು ಎರಡು ಸಾಲು ಸೇರಿಸಿದ್ದೆ. ಆ ಎರಡು ಸಾಲಿಗೇ ಈ ಸಲ ಜಾಸ್ತಿ ಪತ್ರ ಬಂದಿವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯವರು ಬರೆದಿದ್ದಾರೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು, ಇದೊಂದನ್ನೇ ಹಿಡಿದುಕೊಂಡಿದ್ದೇನೆ.

ಶುರು ಮಾಡುವ ಮೊದಲು ಎರಡು ಮಾತು ಗೊತ್ತಿದ್ದರೆ ಸಾಕು. ಪಾಲಿಮರ್ ಅಂದರೆ ಚಿಕ್ಕ ಚಿಕ್ಕ ಅಣುಗಳು ನೂರಾರು, ಸಾವಿರಾರು ಸಂಖ್ಯೆಯಲ್ಲಿ ಸಾಲಾಗಿ ಬೆಸೆದುಕೊಂಡ ಉದ್ದನೆಯ ಸರಪಳಿ. ಪ್ಲಾಸ್ಟಿಕ್, ರಬ್ಬರ್, ಹತ್ತಿ, ಹಾಲಿನ ಪ್ರೋಟೀನ್ ಎಲ್ಲ ಇದೇ ಜಾತಿಗೆ ಸೇರಿದವು. ನ್ಯಾನೋಮೀಟರ್ ಅಂದರೆ ಒಂದು ಮಿಲಿಮೀಟರಿನ 10 ಲಕ್ಷದ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪವೇ 50 ಸಾವಿರದಿಂದ 1 ಲಕ್ಷ ನ್ಯಾನೋಮೀಟರ್ ಇರುತ್ತದೆ.

ಪ್ರಶ್ನೆ: ಸರ್, ಡಿಸೆಂಬರ್‌ನಲ್ಲಿ ಒಂದು ಮನೆಯ ಹೊರಗೋಡೆಗೆ ಬೆಳಗ್ಗೆ ಬೇಗ ಎಮಲ್ಷನ್ ಹೊಡೆದೆವು. ಒಣಗಿದ ಮೇಲೆ ಕೈ ಹಚ್ಚಿದರೆ ಪುಡಿ ಬರುತ್ತಿತ್ತು, ಅಲ್ಲಲ್ಲಿ ಸಣ್ಣ ಬಿರುಕು. ಅದೇ ಡಬ್ಬಿಯ ಬಣ್ಣ ಮಧ್ಯಾಹ್ನ ಹೊಡೆದ ಗೋಡೆಗೆ ಏನೂ ಆಗಲಿಲ್ಲ. ಮಾಲೀಕರು ನೀರು ಜಾಸ್ತಿ ಬೆರೆಸಿದ್ದೀರಿ ಅಂತ ಹಣ ಹಿಡಿದುಕೊಂಡರು. ನಿಮ್ಮ ಕಣದ ವಿಷಯಕ್ಕೂ ಇದಕ್ಕೂ ಸಂಬಂಧ ಇದೆಯಾ?
– ಪೇಂಟಿಂಗ್ ಗುತ್ತಿಗೆದಾರರು, ಬೆಳಗಾವಿ

ಉತ್ತರ: ನೇರವಾದ ಸಂಬಂಧವೇ ಇದೆ ಅಣ್ಣಾರೆ. ನೀವು ಬರೆದದ್ದು ನೋಡಿದರೆ ನನಗೆ ನೀರಿಗಿಂತ ಚಳಿಯ ಮೇಲೇ ಅನುಮಾನ ಜಾಸ್ತಿ. ನೀರು ಹೆಚ್ಚಾದರೂ ಪುಡಿ ಬರುತ್ತದೆ ನಿಜ. ಆದರೆ ಹಾಗಾಗಿದ್ದರೆ ಮಧ್ಯಾಹ್ನದ ಗೋಡೆಯೂ ಕೆಡಬೇಕಿತ್ತು ಅಲ್ವಾ? ಒಂದೇ ಡಬ್ಬಿ, ಒಂದೇ ಕೈ. ಬದಲಾದದ್ದು ಗೋಡೆಯ ಬಿಸಿ.

ಎಮಲ್ಷನ್ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕರಗಿಕೊಂಡಿರುವುದಿಲ್ಲ. ಅಕ್ರಿಲಿಕ್ ಪಾಲಿಮರ್‌ನ ಗುಂಡು ಕಣಗಳು ನೀರಿನಲ್ಲಿ ತೇಲಾಡುತ್ತಿರುತ್ತವೆ, ಒಂದೊಂದೂ ಸಾಮಾನ್ಯವಾಗಿ 100ರಿಂದ 300 ನ್ಯಾನೋಮೀಟರ್. ಜೊತೆಗೆ ಬಿಳುಪಿಗೆ ಟೈಟಾನಿಯಂ ಡೈಆಕ್ಸೈಡ್, ಬಣ್ಣದ ಪುಡಿ ಇತ್ಯಾದಿ. ಬ್ರಷ್ ಎಳೆದ ಮೇಲೆ ನೀರು ಆರತೊಡಗುತ್ತದೆ, ಕಣಗಳು ಹತ್ತಿರ ಬಂದು ಒತ್ತೊತ್ತಾಗಿ ಕೂರುತ್ತವೆ. ಸಂದಿಗಳಲ್ಲಿ ಉಳಿದ ಚೂರು ನೀರು ಅವನ್ನು ಒಂದಕ್ಕೊಂದು ಎಳೆಯುತ್ತದೆ. ಸಂದಿ ಸಣ್ಣದಾದಷ್ಟೂ ಎಳೆತ ಜೋರು. ಇಷ್ಟು ಸಣ್ಣ ಸಂದಿಗಳಲ್ಲಿ ಆ ಒತ್ತಡ ನಮ್ಮ ಸುತ್ತಲ ಗಾಳಿಯ ಒತ್ತಡದ ಹತ್ತಾರು ಪಟ್ಟು ಆಗುತ್ತದೆ. ಆ ಎಳೆತಕ್ಕೆ ಗುಂಡು ಕಣಗಳು ಅಪ್ಪಚ್ಚಿಯಾಗಿ, ಮೂಲೆಗಳು ಮೂಡಿ, ನಡುವಿನ ಕಿಂಡಿಗಳೆಲ್ಲ ಮುಚ್ಚಿಹೋಗುತ್ತವೆ. ಕೊನೆಗೆ ಒಂದು ಕಣದ ಸರಪಳಿಗಳು ಪಕ್ಕದ ಕಣದೊಳಗೆ ನುಸುಳಿ ತೊಡರಿಕೊಳ್ಳುತ್ತವೆ. ಆಗಲೇ ಅದು ಗಟ್ಟಿ ಪದರ. ಕೈಗೆ ಒಣಗಿದೆ ಅನ್ನಿಸಿದ ಮೇಲೂ ಈ ನುಸುಳಾಟ ದಿನಗಟ್ಟಲೆ ನಡೆಯುತ್ತಿರುತ್ತದೆ. ಹೊಸ ಗೋಡೆಯನ್ನು ಕೂಡಲೇ ತಿಕ್ಕಿ ತೊಳೆಯಬಾರದು ಅನ್ನುವುದು ಅದಕ್ಕೇ.

ಇಷ್ಟೆಲ್ಲ ಆಗಬೇಕಾದರೆ ಕಣ ಮೆತ್ತಗಿರಬೇಕು. ಪ್ರತಿಯೊಂದು ಎಮಲ್ಷನ್‌ಗೂ ಒಂದು ಕನಿಷ್ಠ ಉಷ್ಣಾಂಶ ಇದೆ. ಅದಕ್ಕಿಂತ ತಂಪಾದರೆ ಕಣಗಳು ಗಡುಸಾಗಿಯೇ ಉಳಿದು, ಸುಮ್ನೆ ಒಂದರ ಪಕ್ಕ ಒಂದು ಕೂತಿರುತ್ತವೆ, ಬೆಸೆಯುವುದೇ ಇಲ್ಲ. ನೀರು ಹೋಗಿಬಿಡುತ್ತದೆ, ಪುಡಿ ಉಳಿಯುತ್ತದೆ. ಮಧ್ಯಾಹ್ನ ಬಿಸಿಲು ಬಂದರೂ ಪ್ರಯೋಜನವಿಲ್ಲ, ಯಾಕೆಂದರೆ ಎಳೆಯಬೇಕಿದ್ದ ನೀರೇ ಅಷ್ಟೊತ್ತಿಗೆ ಇರುವುದಿಲ್ಲ. ಹಲವು ಡಬ್ಬಿಗಳ ಮೇಲೆ ಇಂತಿಷ್ಟು ಡಿಗ್ರಿಗಿಂತ ಕೆಳಗೆ ಹೊಡೆಯಬೇಡಿ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ಮಾಲೀಕರಿಗೆ ತೋರಿಸಿ ಮಾತಾಡಿ. ಒಂದು ವಿಷಯ ನೆನಪಿಡಿ, ಅಲ್ಲಿ ಲೆಕ್ಕಕ್ಕೆ ಬರುವುದು ಗೋಡೆಯ ಉಷ್ಣಾಂಶ. ಮೋಡವಿಲ್ಲದ ರಾತ್ರಿ ಆಕಾಶಕ್ಕೆ ತೆರೆದ ಗೋಡೆ ಗಾಳಿಗಿಂತಲೂ ತಣ್ಣಗಾಗಿರುತ್ತದೆ, ಮೇಲೆ ಇಬ್ಬನಿ ಬೇರೆ. ಬಿಸಿಲು ಬಿದ್ದು ಗೋಡೆ ಕೈಗೆ ಬೆಚ್ಚಗಾದ ಮೇಲೆ ಶುರು ಮಾಡಿ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಇದರ ಉಲ್ಟಾ ತೊಂದರೆ: ಕಣಗಳು ಸರಿಯಾಗಿ ಕೂರುವ ಮೊದಲೇ ಮೇಲೆ ಕೆನೆ ಕಟ್ಟಿಬಿಡುತ್ತದೆ. ಅಲ್ಲಿ ನೆರಳಿರುವ ಗೋಡೆಯನ್ನು ಹುಡುಕಿಕೊಂಡು ಹೋಗಬೇಕು. (ಸುಣ್ಣದ ಗೋಡೆಗೆ ಈ ಮಾತು ಹೊಂದುವುದಿಲ್ಲ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದು ಬೇರೆಯದೇ ಕೆಲಸ.)

ಪ್ರಶ್ನೆ: ನಮ್ಮ ಹೈಸ್ಕೂಲಿನಲ್ಲಿ ಒಳ್ಳೆಯ ಮೈಕ್ರೋಸ್ಕೋಪ್ ಇಲ್ಲ. ಕಣಗಳು ಕೂಡಿಕೊಳ್ಳುವುದನ್ನು ಮಕ್ಕಳಿಗೆ ಕಣ್ಣಾರೆ ತೋರಿಸುವ ದಾರಿ ಇದೆಯೇ?
– ವಿಜ್ಞಾನ ಶಿಕ್ಷಕಿ, ಬಾದಾಮಿ ತಾಲ್ಲೂಕು

ಉತ್ತರ: ಇದೆ ಮೇಡಂ, ಒಂದು ಫೆವಿಕಾಲ್ ಡಬ್ಬಿ ಸಾಕು. ಅದರಲ್ಲಿರುವುದು ಪಾಲಿವಿನೈಲ್ ಅಸಿಟೇಟ್ ಎಂಬ ಪಾಲಿಮರ್‌ನ ಕಣಗಳು. ನೂರಾರು ನ್ಯಾನೋಮೀಟರ್‌ನಿಂದ ಕೆಲವೊಮ್ಮೆ ಒಂದೆರಡು ಮೈಕ್ರಾನ್‌ವರೆಗೆ (ಒಂದು ಮೈಕ್ರಾನ್ ಅಂದರೆ ಸಾವಿರ ನ್ಯಾನೋಮೀಟರ್) ಇರುತ್ತವೆ. ಸ್ವಲ್ಪ ನೀರು ಬೆರೆಸಿ ತೆಳ್ಳಗೆ ಮಾಡಿ, ಗಾಜಿನ ಮೇಲೆ ಒಂದು ಹನಿ ಹಾಕಿ, ಗಾಜಿನ ಕೆಳಗೆ ಕಪ್ಪು ಕಾಗದ ಇಡಿ.

ಮೊದಲು ಹನಿ ಹಾಲಿನಷ್ಟು ಬೆಳ್ಳಗಿರುತ್ತದೆ. ಕಣಗಳು ಬೆಳಕನ್ನು ಚದುರಿಸುವುದರಿಂದ ಬಂದ ಬಿಳುಪು ಅದು, ಫೆವಿಕಾಲ್‌ಗೆ ತನ್ನದೇ ಬಣ್ಣ ಅಂತ ಇಲ್ಲ. ಸ್ವಲ್ಪ ಹೊತ್ತಿಗೆ ಹನಿಯ ಅಂಚಿನಲ್ಲಿ ತೆಳುವಾದ ಒಂದು ಪಟ್ಟಿ ಪಾರದರ್ಶಕವಾಗಿ ಕೆಳಗಿನ ಕಪ್ಪು ಕಾಣತೊಡಗುತ್ತದೆ. ಆ ಪಟ್ಟಿ ನಿಧಾನವಾಗಿ ಒಳಗೊಳಗೆ ಸರಿಯುತ್ತದೆ, ನಡುವಿನ ಬಿಳಿ ಕುಗ್ಗುತ್ತಾ ಹೋಗುತ್ತದೆ. ಮಕ್ಕಳು ನೋಡುತ್ತಿರುವುದು ಕಣಗಳು ಬೆಸೆಯುತ್ತಿರುವ ಗಡಿಯನ್ನೇ. ಗಡಿಯ ಹೊರಗೆ ಕಿಂಡಿ ಮುಚ್ಚಿದೆ, ಬೆಳಕು ಚದುರುವುದಿಲ್ಲ. ಒಳಗೆ ಕಣಗಳಿನ್ನೂ ನೀರಿನಲ್ಲಿ ಓಡಾಡುತ್ತಿವೆ. ಹನಿಯ ಅಂಚು ತೆಳ್ಳಗಿರುವುದರಿಂದ ಅಲ್ಲಿ ಮೊದಲು ಆರುತ್ತದೆ, ಆರಿದ ಜಾಗಕ್ಕೆ ನಡುವಿನಿಂದ ನೀರು ಹರಿದು ಬರುವಾಗ ಕಣಗಳನ್ನೂ ಹೊತ್ತು ತರುತ್ತದೆ. ಕಾಫಿ ಚೆಲ್ಲಿ ಒಣಗಿದರೆ ಅಂಚಿನಲ್ಲೇ ಕಡುಗಂದು ಉಂಗುರ ಉಳಿಯುತ್ತದಲ್ಲ, ಅದಕ್ಕೂ ಇದೇ ಕಾರಣ ಎಂದು 1997ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದವರು ತೋರಿಸಿಕೊಟ್ಟರು. ಪೂರ್ತಿ ಒಣಗಿದ ಪದರದ ಮೇಲೆ ಒಂದು ತೊಟ್ಟು ನೀರು ಬಿಟ್ಟು ಕಾಯಿರಿ. ನೀರು ಒಳಗೆ ಇಳಿದು ಅದು ಮತ್ತೆ ಬೆಳ್ಳಗಾಗುತ್ತದೆ. ಇನ್ನೊಂದು ಹನಿಯನ್ನು ಫ್ರಿಜ್‌ನಲ್ಲಿಟ್ಟು ಒಣಗಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಹೇಳಿ. ಮೇಲಿನ ಪೇಂಟಿಂಗ್ ಪತ್ರವನ್ನು ಆಗ ತರಗತಿಯಲ್ಲಿ ಓದಬಹುದು.

ಪ್ರಶ್ನೆ: ಎಂಟ್ರೋಪಿ ಹೆಚ್ಚುತ್ತಲೇ ಹೋಗುತ್ತದೆ, ಎಲ್ಲವೂ ಅಸ್ತವ್ಯಸ್ತದ ಕಡೆಗೇ ಸಾಗುತ್ತದೆ ಎಂದು ಕಲಿತಿದ್ದೇವೆ. ಹಾಗಿದ್ದರೆ ಕಣಗಳು ತಾವಾಗಿಯೇ ಸಾಲಾಗಿ ಕೂರುವುದು ಹೇಗೆ? ನಿಯಮ ಮುರಿದಂತೆ ಆಗಲಿಲ್ವಾ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ತಂಗಿ, ಬಂದ ಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ನಿಯಮ ಮುರಿಯುವುದಿಲ್ಲ. ಲೆಕ್ಕ ಹಾಕುವಾಗ ಕಣಗಳನ್ನು ಮಾತ್ರ ನೋಡಿದರೆ ಹಾಗೆ ಅನ್ನಿಸುತ್ತದೆ, ಸುತ್ತಲಿನ ನೀರನ್ನೂ ಸೇರಿಸಿ ನೋಡಬೇಕು.

ನೀರನ್ನು ಇಷ್ಟಪಡದ ಪಾಲಿಮರ್ ತುಂಡೊಂದು ನೀರಿನಲ್ಲಿದೆ ಅಂದುಕೋ. ಅದರ ಮೈ ಸುತ್ತ ಇರುವ ನೀರಿನ ಅಣುಗಳಿಗೆ ಬೇಕಾದ ಕಡೆ ತಿರುಗುವ ಸ್ವಾತಂತ್ರ್ಯ ಕಡಿಮೆಯಾಗುತ್ತದೆ. ಅಂಥ ಎರಡು ತುಂಡು ಅಂಟಿಕೊಂಡರೆ ನಡುವೆ ಸಿಕ್ಕಿಕೊಂಡಿದ್ದ ನೀರು ಬಿಡುಗಡೆಯಾಗುತ್ತದೆ. ಪಾಲಿಮರ್ ಕಡೆ ಅಚ್ಚುಕಟ್ಟು ಹೆಚ್ಚಿತು, ನೀರಿನ ಕಡೆ ಅದಕ್ಕಿಂತ ಜಾಸ್ತಿ ಅಸ್ತವ್ಯಸ್ತ ಹೆಚ್ಚಿತು. ಒಟ್ಟು ಲೆಕ್ಕದಲ್ಲಿ ನಿಯಮ ಗೆದ್ದಿತು.

ಇನ್ನೂ ಆಶ್ಚರ್ಯದ ಸಂಗತಿ ಒಂದಿದೆ. ಒಂದಕ್ಕೊಂದು ಸೆಳೆತವೇ ಇಲ್ಲದ, ಬರೀ ಡಿಕ್ಕಿ ಹೊಡೆಯುವ ಗುಂಡುಗಳು ಕೂಡ ತಾವಾಗಿ ಹರಳು ಕಟ್ಟುತ್ತವೆ. 1957ರಲ್ಲಿ ಆಲ್ಡರ್ ಮತ್ತು ವೈನ್‌ರೈಟ್ ಎಂಬಿಬ್ಬರು ಅಮೆರಿಕದಲ್ಲಿ ಆ ಕಾಲದ ಕಂಪ್ಯೂಟರ್‌ನಲ್ಲೇ ಇದನ್ನು ಕಂಡರು, ಆಗ ನಂಬದವರೂ ಇದ್ದರು. 1986ರಲ್ಲಿ ಪ್ಯೂಸಿ ಮತ್ತು ವಾನ್ ಮೆಗೆನ್ ಎಂಬ ವಿಜ್ಞಾನಿಗಳು ಅಕ್ರಿಲಿಕ್ ಕಣಗಳನ್ನೇ ದ್ರವದಲ್ಲಿ ತೇಲಿಬಿಟ್ಟು ಮಾಡಿ ತೋರಿಸಿದರು. ಒಟ್ಟು ಜಾಗದಲ್ಲಿ ಕಣಗಳ ಪಾಲು ಶೇಕಡ 49.4 ದಾಟಿದರೆ ಹರಳು ಕಟ್ಟಲು ಶುರು, 54.5 ದಾಟಿದರೆ ಇಡೀ ದ್ರವವೇ ಹರಳು. ಯಾಕೆ ಹಾಗೆ? ಅಡ್ಡಾದಿಡ್ಡಿ ಸೇರಿಕೊಂಡ ಗುಂಡುಗಳು ಶೇಕಡ 64ರಷ್ಟು ಜಾಗ ತುಂಬುವಷ್ಟರಲ್ಲಿ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಅಲುಗಾಡದಂತಾಗುತ್ತವೆ. ಸಾಲಾಗಿ ಕೂತರೆ ಶೇಕಡ 74ರವರೆಗೆ ಹಿಡಿಸುತ್ತದೆ. ಅಂದರೆ ಅದೇ ದಟ್ಟಣೆಯಲ್ಲಿ ಸಾಲಾಗಿ ಇದ್ದರೆ ಪ್ರತಿಯೊಂದು ಗುಂಡಿಗೂ ತನ್ನ ಜಾಗದಲ್ಲಿ ಅಲುಗಾಡಲು ಎಡೆ ಜಾಸ್ತಿ ಸಿಗುತ್ತದೆ. ಆ ಎಡೆಯೇ ಎಂಟ್ರೋಪಿ. ಕ್ರಮವೂ ಎಂಟ್ರೋಪಿಯೂ ಒಟ್ಟಿಗೆ ಹೆಚ್ಚುವುದು ಸಾಧ್ಯ ಅಂತ ನಿನ್ನ ಪಾಠದ ಪಕ್ಕ ಬರೆದುಕೋ.

ಜೋಡಿಸುವ ಕೈ ಯಾವುದು ಅಂದರೆ ಶಾಖ. ನೀರಿನ ಅಣುಗಳು ಎಡೆಬಿಡದೆ ಗುದ್ದುವುದರಿಂದ ಸಣ್ಣ ಕಣ ಸದಾ ನಡುಗುತ್ತಾ ಅಲೆಯುತ್ತದೆ. ರಾಬರ್ಟ್ ಬ್ರೌನ್ 1827ರಲ್ಲಿ ನೋಡಿದ್ದು ಇದನ್ನೇ, ಐನ್‌ಸ್ಟೈನ್ 1905ರಲ್ಲಿ ವಿವರಿಸಿದ್ದೂ ಇದನ್ನೇ. ಈ ಅಲೆದಾಟದಲ್ಲಿ ಕಣ ಒಂದು ಕಡೆ ಅಂಟುತ್ತದೆ, ಬಿಡುತ್ತದೆ, ಇನ್ನೊಂದು ಕಡೆ ಕೂರುತ್ತದೆ. ಈ ಬಿಡುವುದು ಇದೆಯಲ್ಲ, ಇಡೀ ವಿಷಯದ ಜೀವಾಳ ಅದೇ. ಸೇರಿನಲ್ಲಿ ಜೋಳ ತುಂಬಿ ಅಲುಗಾಡಿಸಿದರೆ ಕಾಳುಗಳು ಎಡೆ ಹುಡುಕಿ ಕೂತು ಇನ್ನಷ್ಟು ಹಿಡಿಯುತ್ತವೆ. ಅದೇ ಕಾಳಿಗೆ ಬೆಲ್ಲದ ಪಾಕ ಸವರಿ ತುಂಬಿದರೆ ಬಿದ್ದಲ್ಲೇ ಅಂಟಿ, ನಡುವೆ ಕಿಂಡಿ ಬಿಟ್ಟು, ಎಷ್ಟು ಅಲುಗಾಡಿಸಿದರೂ ಸರಿಹೋಗುವುದಿಲ್ಲ. ಕಣಗಳ ಅಂಟೂ ಹಾಗೇ, ಶಾಖದ ಗುದ್ದಿಗಿಂತ ಕೆಲವು ಪಟ್ಟು ಮಾತ್ರ ಹೆಚ್ಚಿರಬೇಕು. ತೀರಾ ಕಡಿಮೆಯಾದರೆ ಏನೂ ಕಟ್ಟುವುದಿಲ್ಲ. ತೀರಾ ಜಾಸ್ತಿಯಾದರೆ ತಪ್ಪಾಗಿ ಕೂತ ಕಣ ತಪ್ಪಾಗಿಯೇ ಉಳಿಯುತ್ತದೆ. ಎರಡು ಇಂಗಾಲದ ಪರಮಾಣುಗಳ ನಡುವಿನ ಬಂಧ ಶಾಖದ ಗುದ್ದಿಗಿಂತ ನೂರು ಪಟ್ಟಿಗೂ ಹೆಚ್ಚು ಬಲವಾಗಿದೆ. ಅಂಥದ್ದರಿಂದ ಸರಪಳಿ ಮಾಡಬಹುದು, ತಾನಾಗಿ ತಿದ್ದಿಕೊಳ್ಳುವ ರಚನೆ ಮಾಡುವುದು ಕಷ್ಟ. ಸಡಿಲವಾದ ಅಂಟೇ ಇಲ್ಲಿ ಗೆಲ್ಲುವುದು. ಮುಂದಿನ ಕೆಲವು ಉತ್ತರಗಳಲ್ಲೂ ಈ ಮಾತು ಬರುತ್ತದೆ.

ಪ್ರಶ್ನೆ: ಪಾಲಿಮರ್ ಕಣ ಅಂದರೆ ಬರೀ ಪ್ಲಾಸ್ಟಿಕ್ ಅಂತ ತಿಳಿದಿದ್ದೆ, ನೀವು ಹಾಲಿನಲ್ಲೂ ಇದೆ ಅಂದಿರಿ. ನಾನು ಎಮ್ಮೆ ಹಾಲಿನ ಮೊಸರು ಮಾರುತ್ತೇನೆ. ಹಾಲು ಚೆನ್ನಾಗಿ ಕಾಯಿಸಿ ಹೆಪ್ಪು ಹಾಕಿದರೆ ಗಟ್ಟಿ, ಅರೆಬರೆ ಕಾಯಿಸಿದರೆ ಸಡಿಲ. ಹೆಪ್ಪಾಗುವಾಗ ಪಾತ್ರೆ ಅಲುಗಾಡಿದರೆ ನೀರು ಬಿಡುತ್ತದೆ. ಯಾಕೆ?
– ಮೊಸರು ವ್ಯಾಪಾರ ಮಾಡುವವರು, ಚಿಕ್ಕೋಡಿ

ಉತ್ತರ: ಅಕ್ಕಾರೆ, ನಿಮ್ಮ ಪಾತ್ರೆಯಲ್ಲಿ ದಿನಾ ರಾತ್ರಿ ನಡೆಯುವುದು ಅಪ್ಪಟ ಕಣಗಳ ಕೂಡಾಟವೇ. ಹಾಲಿನ ಮುಖ್ಯ ಪ್ರೋಟೀನ್ ಕೇಸೀನ್. ಅದು ಹಾಲಿನಲ್ಲಿ ಬಿಡಿಬಿಡಿಯಾಗಿ ಇರುವುದಿಲ್ಲ, ಸಾವಿರಾರು ಕೇಸೀನ್ ಅಣುಗಳು ಕ್ಯಾಲ್ಸಿಯಂ ಫಾಸ್ಫೇಟ್ ಜೊತೆ ಸೇರಿ ಗುಂಡು ಉಂಡೆಗಳಾಗಿರುತ್ತವೆ. ಹೆಚ್ಚಿನವು 100ರಿಂದ 200 ನ್ಯಾನೋಮೀಟರ್. ಹಾಲು ಬೆಳ್ಳಗೆ ಕಾಣುವುದು ಈ ಉಂಡೆಗಳು ಮತ್ತು ಕೊಬ್ಬಿನ ಹನಿಗಳು ಬೆಳಕು ಚದುರಿಸುವುದರಿಂದ.

ಪ್ರತಿ ಉಂಡೆಯ ಮೈಮೇಲೂ ಕಪ್ಪಾ ಕೇಸೀನ್ ಎಂಬ ಪ್ರೋಟೀನ್‌ನ ಎಳೆಗಳು ಹೊರಚಾಚಿಕೊಂಡಿರುತ್ತವೆ. ಅವುಗಳಲ್ಲಿ ಋಣ ವಿದ್ಯುದಂಶ ಇದೆ. ಹಾಗಾಗಿ ಉಂಡೆಗಳು ಒಂದನ್ನೊಂದು ದೂಡುತ್ತಾ ದೂರ ಇರುತ್ತವೆ, ಹಾಲು ಹಾಲಾಗಿಯೇ ಉಳಿಯುತ್ತದೆ. ಹೆಪ್ಪು ಹಾಕಿದಾಗ ಅದರಲ್ಲಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹಾಲಿನ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 6.7ರ ಹತ್ತಿರದಿಂದ ಇಳಿಯುತ್ತಾ 4.6ರ ಕಡೆ ಬರುತ್ತದೆ. ಆ ಹೊತ್ತಿಗೆ ವಿದ್ಯುದಂಶ ಕರಗಿ, ಎಳೆಗಳು ಮುದುಡಿ, ಉಂಡೆಗಳು ಒಂದಕ್ಕೊಂದು ತಾಗಿದಲ್ಲಿ ಅಂಟತೊಡಗುತ್ತವೆ. ಮೊದಲು ಸಾಲು, ಆಮೇಲೆ ಸಾಲುಗಳ ಕವಲು, ಕೊನೆಗೆ ಪಾತ್ರೆಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಬಲೆ. ಎಮ್ಮೆ ಹಾಲಿನಲ್ಲೂ ನೂರರಲ್ಲಿ 80 ಪಾಲಿಗಿಂತ ಹೆಚ್ಚು ನೀರೇ ಇದೆ, ಆ ನೀರನ್ನೆಲ್ಲ ಹಿಡಿದು ನಿಲ್ಲಿಸುವುದು ಈ ತೆಳು ಬಲೆ. ಹಸುವಿನ ಹಾಲಿಗಿಂತ ಎಮ್ಮೆ ಹಾಲಿನಲ್ಲಿ ಕೇಸೀನೂ ಕೊಬ್ಬೂ ಜಾಸ್ತಿ, ಬಲೆಯೂ ದಟ್ಟ.

ಕಾಯಿಸುವ ಗುಟ್ಟು ಇಲ್ಲಿದೆ. ಹಾಲಿನ ತಿಳಿನೀರಿನಲ್ಲಿ ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್ ಎಂಬ ಇನ್ನೊಂದು ಪ್ರೋಟೀನ್ ಇದೆ. ಹಸಿ ಹಾಲಿನಲ್ಲಿ ಅದು ತನ್ನ ಪಾಡಿಗೆ ಸುರುಳಿ ಸುತ್ತಿಕೊಂಡಿರುತ್ತದೆ, ಮೊಸರು ಕಟ್ಟಲು ಏನೂ ಸಹಾಯ ಮಾಡುವುದಿಲ್ಲ. ಸುಮಾರು 70 ಡಿಗ್ರಿ ದಾಟಿದ ಮೇಲೆ ಸುರುಳಿ ಬಿಚ್ಚಿ ಕೇಸೀನ್ ಉಂಡೆಗಳ ಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಹೆಪ್ಪು ಹಾಕಿದರೆ ಉಂಡೆಗಳ ನಡುವೆ ಅದೂ ಕೊಂಡಿಯಾಗುತ್ತದೆ. ಅದಕ್ಕೆ ಉಕ್ಕಿದ ಕೂಡಲೇ ಇಳಿಸದೆ ಸಣ್ಣ ಉರಿಯಲ್ಲಿ ಇನ್ನಷ್ಟು ಹೊತ್ತು ಇಟ್ಟ ಹಾಲಿನ ಮೊಸರು ಕತ್ತರಿಸುವಷ್ಟು ಗಟ್ಟಿ ಬರುತ್ತದೆ. ಅಲುಗಾಡಿಸಿದರೆ ಆಗಷ್ಟೇ ಕಟ್ಟುತ್ತಿರುವ ಬಲೆ ಹರಿಯುತ್ತದೆ. ಹರಿದ ತುಂಡುಗಳು ಕುಗ್ಗಿ ಒಳಗಿನ ನೀರನ್ನು ಹೊರಗೆ ಹಿಂಡುತ್ತವೆ. ಬೇಸಿಗೆಯಲ್ಲಿ ತೀರಾ ಬಿಸಿ ಜಾಗದಲ್ಲಿಟ್ಟರೂ ಇದೇ ಪಾಡು: ಹುಳಿ ಬೇಗ ಏರಿ ಉಂಡೆಗಳು ಅವಸರದಲ್ಲಿ ಅಂಟುತ್ತವೆ, ಬಲೆ ಒರಟಾಗುತ್ತದೆ, ನೀರು ಬಿಡುತ್ತದೆ. ಹಾಲು ಉಗುರುಬೆಚ್ಚಗೆ ಇರುವಾಗ ಹೆಪ್ಪು, ಆಮೇಲೆ ಅಲುಗದ ಜಾಗ. ನಮ್ಮ ಹಿರಿಯರು ಪಾತ್ರೆ ಮುಟ್ಟಬೇಡ ಅಂತ ಗದರುತ್ತಿದ್ದುದು ಸರಿಯಾಗಿಯೇ ಇತ್ತು.

ಪ್ರಶ್ನೆ: ಗುಂಡು ಕಣಗಳು ಸೇರಿದರೆ ಗುಡ್ಡೆಯಾಗಬೇಕು. ಆದರೆ ಪಾಲಿಮರ್ ಕಣಗಳು ಉದ್ದನೆ ಸರ, ಹಾಳೆ, ಜಾಲರಿ ಆಗುತ್ತವೆ ಎಂದು ಓದಿದ್ದೇನೆ. ಯಾರು ಎಲ್ಲಿ ಅಂಟಬೇಕು ಎಂದು ಕಣಕ್ಕೆ ಹೇಗೆ ಗೊತ್ತು?
– ಎಂ.ಎಸ್ಸಿ. ರಸಾಯನಶಾಸ್ತ್ರ ವಿದ್ಯಾರ್ಥಿ, ಜಮಖಂಡಿ

ಉತ್ತರ: ಕಣಕ್ಕೆ ಗೊತ್ತಿರುವುದಿಲ್ಲ, ಕಣ ಮಾಡುವವರು ಅದರ ಮೈಮೇಲೆ ಮೊದಲೇ ಬರೆದಿರುತ್ತಾರೆ. ಹೇಗೆ ಅನ್ನುವುದನ್ನು ಮೊದಲ ಮೆಟ್ಟಿಲಿನಿಂದ ನೋಡೋಣ.

ಒಂದೇ ಸರಪಳಿಯಲ್ಲಿ ಎರಡು ಬಗೆಯ ಪಾಲಿಮರ್ ಬೆಸೆದರೆ ಅದು ಬ್ಲಾಕ್ ಕೋಪಾಲಿಮರ್. ಅರ್ಧ ನೀರನ್ನು ಇಷ್ಟಪಡುತ್ತದೆ, ಇನ್ನರ್ಧ ದೂರ ಓಡುತ್ತದೆ, ಆದರೆ ಬೆಸುಗೆ ಇರುವುದರಿಂದ ಬಿಟ್ಟು ಹೋಗುವಂತಿಲ್ಲ. ಆಗ ನೀರು ಬೇಡದ ತುದಿಗಳೆಲ್ಲ ಒಳಗೆ ಸೇರಿ, ನೀರು ಬೇಕಾದವು ಹೊರಗೆ ಉಳಿದು ಮೈಸೆಲ್ ಎಂಬ ಕಣವಾಗುತ್ತದೆ. ಎರಡು ಭಾಗಗಳ ಅಳತೆ ಬದಲಾಯಿಸಿದರೆ ಆಕಾರವೂ ಬದಲು. ಹೊರಭಾಗ ದಪ್ಪಗಿದ್ದರೆ ಗುಂಡು, ಸ್ವಲ್ಪ ಕಡಿಮೆ ಮಾಡಿದರೆ ಕಡ್ಡಿ, ಇನ್ನೂ ಕಡಿಮೆ ಮಾಡಿದರೆ ಒಳಗೆ ಟೊಳ್ಳಿರುವ ಚೀಲ. ಇಸ್ರೇಲಾಷ್‌ವಿಲಿ ಮತ್ತು ಜೊತೆಗಾರರು 1976ರಲ್ಲಿ ಸಾಬೂನಿನಂಥ ಅಣುಗಳಿಗೆ ಇದರ ಲೆಕ್ಕ ಕೊಟ್ಟಿದ್ದರು: ನೀರು ಬೇಡದ ಬಾಲದ ಗಾತ್ರವನ್ನು, ನೀರು ಬೇಕಾದ ತಲೆ ಹಿಡಿಯುವ ಜಾಗ ಮತ್ತು ಬಾಲದ ಉದ್ದದ ಗುಣಲಬ್ಧದಿಂದ ಭಾಗಿಸಿದಾಗ ಬರುವ ಅನುಪಾತ 1/3ಕ್ಕಿಂತ ಕಡಿಮೆ ಇದ್ದರೆ ಗುಂಡು, 1/3ರಿಂದ 1/2 ಇದ್ದರೆ ಕಡ್ಡಿ, 1/2ರಿಂದ 1 ಇದ್ದರೆ ಪದರ ಮತ್ತು ಚೀಲ. 1995ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಐಸೆನ್‌ಬರ್ಗ್ ಅವರ ಗುಂಪು ಪಾಲಿಸ್ಟೈರೀನ್ ಮತ್ತು ಪಾಲಿಅಕ್ರಿಲಿಕ್ ಆಮ್ಲದ ಜೋಡಿಯಿಂದ ಈ ಎಲ್ಲ ಆಕಾರಗಳನ್ನೂ ತೆಗೆದು ತೋರಿಸಿತು.

ನಿಮ್ಮ ಪ್ರಶ್ನೆ ಎರಡನೇ ಮೆಟ್ಟಿಲಿನದು, ಈ ಕಣಗಳೇ ಸೇರಿ ಇನ್ನೂ ದೊಡ್ಡದನ್ನು ಕಟ್ಟುವುದು. ಇದಕ್ಕೆ ಮೂರು ಬಗೆಯ ಪಾಲಿಮರ್ ಒಂದೇ ಸರಪಳಿಯಲ್ಲಿರಬೇಕು. ಜರ್ಮನಿಯ ಬೈರಾಯ್ಟ್‌ನಲ್ಲಿ ಮ್ಯುಲ್ಲರ್, ಗ್ರೋಶೆಲ್ ಮತ್ತು ಜೊತೆಗಾರರು ಪಾಲಿಸ್ಟೈರೀನ್, ಪಾಲಿಬ್ಯುಟಡೈಯೀನ್, ಪಾಲಿಮೀಥೈಲ್ ಮೆಥಾಕ್ರಿಲೇಟ್ ಮೂರನ್ನೂ ಬೆಸೆದ ಸರಪಳಿ ತೆಗೆದುಕೊಂಡರು. ಮೊದಲು ನಡುವಿನ ಭಾಗಕ್ಕೆ ಮಾತ್ರ ಹಿಡಿಸದ ದ್ರಾವಕದಲ್ಲಿ ಹಾಕಿದರು. ಅದು ಮುದುಡಿ ತಿರುಳಾಯಿತು, ಉಳಿದೆರಡು ಹೊರಗೆ ಹರಡಿಕೊಂಡವು. ಆಮೇಲೆ ಆ ಎರಡರಲ್ಲಿ ಒಂದಕ್ಕೆ ಹಿಡಿಸದ ದ್ರಾವಕಕ್ಕೆ ಬದಲಾಯಿಸಿದರು. ಈಗ ಆ ಭಾಗ ಕಣದ ಮೈಮೇಲೆ ಅಂಟುವ ತೇಪೆಯಾಗಿ ಗುಂಪುಗೂಡುತ್ತದೆ. ಒಂದೇ ತೇಪೆ ಇರುವ ಕಣಗಳು ಸಣ್ಣ ಗೊಂಚಲಾಗಿ ನಿಂತುಬಿಡುತ್ತವೆ. ಎದುರುಬದುರು ಎರಡು ತೇಪೆ ಇದ್ದರೆ ಒಂದರ ಹಿಂದೆ ಒಂದು ಸೇರಿ ಉದ್ದನೆಯ ಸರವಾಗುತ್ತವೆ. ಎಷ್ಟು ತೇಪೆ ಅನ್ನುವುದನ್ನು ಸರಪಳಿಯ ಭಾಗಗಳ ಉದ್ದವೇ ತೀರ್ಮಾನ ಮಾಡುತ್ತದೆ. ಎರಡು ಬಗೆಯ ಕಣಗಳನ್ನು ಬೆರೆಸಿ ಇನ್ನಷ್ಟು ಆಕಾರ ಪಡೆದದ್ದು 2013ರಲ್ಲಿ ಪ್ರಕಟವಾಯಿತು. ಪೂರ್ತಿ ವಿನ್ಯಾಸ ಕಣದೊಳಗೇ ಇದೆ. ಮಾಡುವವರ ಕೆಲಸ ದ್ರಾವಕ ಬದಲಾಯಿಸಿ ಕಾಯುವುದಷ್ಟೇ. ಬಹಳ ಸುಂದರವಾದ ಕೆಲಸ ಅಂತ ನನಗೆ ಅನ್ನಿಸುತ್ತದೆ, ಸಿಕ್ಕರೆ ಚಿತ್ರಗಳನ್ನು ನೋಡಿ.

ಜಾಲರಿಯ ಮಾತಿಗೆ ಬಂದರೆ, 2011ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಗ್ರ್ಯಾನಿಕ್ ಅವರ ಗುಂಪು ಪಾಲಿಸ್ಟೈರೀನ್ ಗುಂಡುಗಳ ಎರಡೂ ತುದಿಗೆ ನೀರು ಬೇಡದ ಲೇಪ ಹಚ್ಚಿ ಉಪ್ಪುನೀರಿನಲ್ಲಿ ಬಿಟ್ಟಿತು. ಮೂರು ಮೂರು ಗುಂಡು ಸೇರಿದ ತ್ರಿಕೋನಗಳು ಮೂಲೆಗೆ ಮೂಲೆ ತಾಗಿ, ನಡುವೆ ಆರು ಮೂಲೆಯ ಕಿಂಡಿ ಇರುವ ಜಾಲರಿ ತಾನಾಗಿ ಮೂಡಿತು. ಅವು ಮೈಕ್ರಾನ್ ಗಾತ್ರದವು, ಹಾಗಾಗಿ ನ್ಯಾನೋ ಅನ್ನುವಂತಿಲ್ಲ. ಆದರೆ ಮೈಕ್ರೋಸ್ಕೋಪಿನಲ್ಲಿ ಒಂದೊಂದು ಗುಂಡೂ ತಪ್ಪಾಗಿ ಕೂತು, ಎದ್ದು, ತಿದ್ದಿಕೊಂಡು ಕೂರುವುದನ್ನು ನೇರವಾಗಿ ನೋಡಬಹುದಿತ್ತು. ವಿಜಯಪುರದ ತಂಗಿಗೆ ಹೇಳಿದ ಸಡಿಲ ಅಂಟು ಇದೇ.

ಪ್ರಶ್ನೆ: ಕ್ಯಾನ್ಸರ್ ಔಷಧಿಯನ್ನು ಪಾಲಿಮರ್ ಮೈಸೆಲ್‌ನಲ್ಲಿ ಇಟ್ಟು ಕೊಡುತ್ತಾರಂತೆ. ತಾನಾಗಿ ಕೂಡಿದ್ದು ರಕ್ತದಲ್ಲಿ ತಾನಾಗಿ ಬಿಚ್ಚಿಕೊಳ್ಳುವುದಿಲ್ಲವೇ?
– ಸ್ಟಾಫ್ ನರ್ಸ್, ಬಾಗಲಕೋಟೆ

ಉತ್ತರ: ಬಿಚ್ಚಿಕೊಳ್ಳುತ್ತದೆ ಸಿಸ್ಟರ್. ಈ ಕೆಲಸ ಮಾಡುವವರ ದೊಡ್ಡ ತಲೆನೋವೇ ಅದು. ಮೈಸೆಲ್ ಉಳಿಯಲು ಸುತ್ತಲ ದ್ರವದಲ್ಲಿ ಅದರ ಅಣುಗಳು ಒಂದು ಕನಿಷ್ಠ ಪ್ರಮಾಣದಲ್ಲಿ ಇರಬೇಕು. ಒಂದು ಬಾಟಲಿ ಔಷಧಿ ಇಡೀ ಮೈಯ ರಕ್ತದಲ್ಲಿ ಬೆರೆತಾಗ ಪ್ರಮಾಣ ಕುಸಿಯುತ್ತದೆ. ಸಾಬೂನಿಗೆ ಹೋಲಿಸಿದರೆ ಪಾಲಿಮರ್‌ಗಳಿಗೆ ಬೇಕಾದ ಕನಿಷ್ಠ ಪ್ರಮಾಣ ತುಂಬಾ ಕಡಿಮೆ, ಬಿಚ್ಚಿಕೊಳ್ಳುವುದೂ ನಿಧಾನ. ಅದಕ್ಕೇ ಅವನ್ನು ಆರಿಸಿಕೊಳ್ಳುತ್ತಾರೆ. ಒಳತಿರುಳನ್ನು ಗಡುಸು ಮಾಡುವುದು, ಕೂಡಿದ ಮೇಲೆ ಅಲ್ಲಲ್ಲಿ ಗಟ್ಟಿ ಬೆಸುಗೆ ಹಾಕುವುದು ಇವೆಲ್ಲ ಮುಂದಿನ ಉಪಾಯಗಳು. ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗದ ಕ್ಯಾನ್ಸರ್ ಔಷಧಿ. ಹಳೆಯ ಇಂಜೆಕ್ಷನ್‌ನಲ್ಲಿ ಅದನ್ನು ಕರಗಿಸಲು ಬಳಸುವ ಎಣ್ಣೆಯಂಥ ದ್ರಾವಕದಿಂದಲೇ ಕೆಲವರಿಗೆ ಅಲರ್ಜಿ ಆಗುತ್ತದೆ, ಅದಕ್ಕೆ ಮೊದಲೇ ಸ್ಟೆರಾಯ್ಡ್ ಕೊಡುವುದನ್ನು ನೀವು ವಾರ್ಡಿನಲ್ಲಿ ನೋಡಿರುತ್ತೀರಿ. ಆ ದ್ರಾವಕದ ಬದಲು ಪಾಲಿಮರ್ ಮೈಸೆಲ್ ಬಳಸಿದ ಜೆನೆಕ್ಸಾಲ್ ಪಿಎಂ ಎಂಬ ಔಷಧಿಗೆ ದಕ್ಷಿಣ ಕೊರಿಯಾ 2007ರಲ್ಲಿ ಒಪ್ಪಿಗೆ ಕೊಟ್ಟಿತು.

ಪ್ರಶ್ನೆ: ನವಿಲುಗರಿಯ ನೀಲಿ ಬಣ್ಣದ ಪುಡಿಯಿಂದ ಬಂದದ್ದಲ್ಲವಂತೆ. ಹಾಗೆ ಬಣ್ಣವೇ ಹಾಕದೆ ಬಣ್ಣ ಬರುವ ನೂಲು ನಮ್ಮ ಮಗ್ಗಕ್ಕೆ ಬರುತ್ತದೆಯೇ?
– ನೇಕಾರರು, ರಬಕವಿ-ಬನಹಟ್ಟಿ

ಉತ್ತರ: ನವಿಲುಗರಿಯಲ್ಲಿ ಇರುವ ಪುಡಿ ಮೆಲನಿನ್ ಮಾತ್ರ, ಅದು ಕಂದು-ಕಪ್ಪು. ಆ ಮೆಲನಿನ್ ಕಡ್ಡಿಗಳು ಸಮ ಅಂತರದಲ್ಲಿ ಜೋಡಿಸಿಕೊಂಡಿರುವ ರೀತಿಯಿಂದ ನೀಲಿ, ಹಸಿರು ಹೊಮ್ಮುತ್ತದೆ. ಓಪಲ್ ಎಂಬ ರತ್ನದ ಬಣ್ಣವೂ ಹೀಗೆಯೇ. ಅದರೊಳಗೆ ಸಣ್ಣ ಸಿಲಿಕಾ ಗುಂಡುಗಳು ಸಾಲಾಗಿ ಕೂತಿವೆ ಎಂದು 1964ರಲ್ಲಿ ಆಸ್ಟ್ರೇಲಿಯಾದವರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಂಡರು. ಪಾಲಿಸ್ಟೈರೀನ್ ಕಣಗಳನ್ನು ಹಾಗೇ ಕೂರಿಸಿದರೆ, ಕಣ ಸುಮಾರು 200 ನ್ಯಾನೋಮೀಟರ್ ಇದ್ದಾಗ ನೀಲಿ, 300ರ ಹತ್ತಿರ ಹೋದಂತೆ ಕೆಂಪು. ಒಳಗೆ ಗಡುಸು, ಹೊರಗೆ ಮೆತ್ತಗೆ ಇರುವ ಕಣಗಳಿಂದ ರಬ್ಬರಿನಂತೆ ಎಳೆಯುವ ಹಾಳೆಗಳನ್ನೂ ಮಾಡಿದ್ದಾರೆ. ಎಳೆದರೆ ಸಾಲುಗಳ ಅಂತರ ಕುಗ್ಗಿ ಕೆಂಪು ಹಸಿರಾಗುತ್ತದೆ, ಇನ್ನೂ ಎಳೆದರೆ ನೀಲಿ.

ಸೀರೆಗೆ ಬರಲು ಎರಡು ಅಡ್ಡಿ ಇವೆ. ನೋಡುವ ಕೋನ ಬದಲಾದರೆ ಬಣ್ಣ ಬದಲಾಗುತ್ತದೆ, ಇಳಕಲ್ ಸೀರೆಯ ಸೆರಗಿಗೆ ಬೇಕಾದ ಸ್ಥಿರ ಕೆಂಪು ಅದರಿಂದ ಸುಲಭಕ್ಕೆ ಸಿಗುವುದಿಲ್ಲ. ಇನ್ನೊಂದು, ಒಗೆತ. ಸಡಿಲವಾಗಿ ಕೂಡಿದ ಕಣ ಒಗೆದರೆ ಉದುರುತ್ತದೆ, ಗಟ್ಟಿ ಅಂಟಿಸಿದರೆ ಬಟ್ಟೆ ಬಿರುಸಾಗುತ್ತದೆ. ಸದ್ಯಕ್ಕೆ ನಿಮ್ಮ ಬಣ್ಣದ ಹಂಡೆಯನ್ನು ಬದಲಿಸುವ ವಸ್ತು ಇದಲ್ಲ. ಯಾರಾದರೂ ನ್ಯಾನೋ ನೂಲು ಅಂತ ದುಬಾರಿಗೆ ಮಾರಲು ಬಂದರೆ ಮೊದಲು ನಾಲ್ಕು ಸಲ ಒಗೆದು ನೋಡಿ, ಆಮೇಲೆ ಮಾತು.

ಪ್ರಶ್ನೆ: ಬಣ್ಣ ಹೊಡೆದ ಮೇಲೆ ಬ್ರಷ್ ತೊಳೆದ ನೀರನ್ನು ಚರಂಡಿಗೆ ಸುರಿಯಬಹುದೇ? ನೀರಿನ ಬಣ್ಣ ಅಲ್ವಾ?
– ಗೃಹಿಣಿ, ಗೋಕಾಕ

ಉತ್ತರ: ಸುರಿಯಬೇಡಿ. ನೀರಿನ ಬಣ್ಣ ಅಂದರೂ ಅದರಲ್ಲಿರುವುದು ಪ್ಲಾಸ್ಟಿಕ್ ಕಣಗಳೇ, ಚರಂಡಿಯಿಂದ ಹೊಳೆಗೆ ಸೇರಿದರೆ ಹಿಡಿಯಲು ಆಗದಷ್ಟು ಸಣ್ಣವು. ಬ್ರಷ್‌ನಲ್ಲಿ ಉಳಿದದ್ದನ್ನು ಮೊದಲು ಹಳೇ ಪೇಪರಿಗೆ ಒರೆಸಿ. ತೊಳೆದ ನೀರನ್ನು ಅಗಲವಾದ ಹಳೇ ಟ್ರೇಯಲ್ಲಿ ಬಿಸಿಲಿಗಿಡಿ. ನೀರು ಆರಿದ ಮೇಲೆ ಕಣಗಳು ಕೂಡಿ ಹಾಳೆಯಾಗಿ ಏಳುತ್ತವೆ, ಅದನ್ನು ಒಣಕಸಕ್ಕೆ ಹಾಕಿ.

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ. ಇಂಥದ್ದನ್ನೇ ಓದುತ್ತೇನೆ ಅನ್ನುತ್ತಾಳೆ. ನಾವು ಕಬ್ಬು ಬೆಳೆಯುವವರು, ಎಲ್ಲಿಗೆ ಕಳಿಸಬೇಕು ಗೊತ್ತಿಲ್ಲ.
– ರೈತರು, ಮುಧೋಳ

ಉತ್ತರ: ಕಳಿಸಿ ಯಜಮಾನರೇ, ದಾರಿಗಳಿವೆ. ಬೇಗ ಕೆಲಸ ಬೇಕು ಅಂದರೆ ಎಸ್ಸೆಸ್ಸೆಲ್ಸಿ ಆದ ಮೇಲೆ ಮೈಸೂರಿನ ಸಿಪೆಟ್‌ನಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ಡಿಪ್ಲೊಮಾ ಇದೆ, ಅದು ಕೇಂದ್ರ ಸರ್ಕಾರದ ಸಂಸ್ಥೆ. ಪಿಯುಸಿ ಸೈನ್ಸ್ ಮಾಡಿದರೆ ಮೈಸೂರಿನ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಲಿಮರ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಭಾಗ ಇದೆ, ಈಗ ಅದು ಜೆಎಸ್ಎಸ್ ವಿಜ್ಞಾನ ಮತ್ತು ತಾಂತ್ರಿಕ ವಿಶ್ವವಿದ್ಯಾಲಯ. ಆದರೆ ಅವಳಿಗೆ ಇಷ್ಟವಾಗಿರುವುದು ಕಣಗಳು ಕೂಡುವ ವಿಷಯವೇ ಆಗಿದ್ದರೆ ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಗಟ್ಟಿಯಾಗಿ ಓದಲಿ, ಆಮೇಲೆ ಎಂ.ಎಸ್ಸಿ. ಸಂಶೋಧನೆಗೆ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ), ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ ಇವೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಪಾಲಿಮರ್‌ಗೇ ದೊಡ್ಡ ವಿಭಾಗ ಇದೆ, ಮುಧೋಳದಿಂದ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಪಿಎಚ್‌ಡಿಗೆ ಫೆಲೋಶಿಪ್ ಸಿಕ್ಕರೆ ತಿಂಗಳ ಖರ್ಚು ಅದರಲ್ಲೇ ನಡೆಯುತ್ತದೆ, ಮನೆಯ ಮೇಲೆ ಭಾರ ಬೀಳುವುದಿಲ್ಲ. ಪಿಯುಸಿಯಲ್ಲಿ ಗಣಿತ ಬಿಡದಂತೆ ಮಾತ್ರ ನೋಡಿಕೊಳ್ಳಿ.